ಸೇರಿಗೆ ಒರಗಿದ ಲ್ಯಾಪ್‌ಟಾಪು

ಮೊನ್ನೆ ಮೊನ್ನೆಯವರೆಗೂ ನನ್ನ ಬರೆಯುವ ಮೇಜಿನ ಮೇಲೆ ಒಂದು ಹಿತ್ತಾಳೆ ಸೇರು ಇತ್ತು. ಅಕ್ಕಿ, ರಾಗಿ ಅಳೆಯುವ ಸೇರು. ಚಾಮರಾಜಪೇಟೆಯ ನಮ್ಮ ಮನೆಗೆ ಬಂದವರು ಅದನ್ನು ನೋಡಿ, ಅಡುಗೆಮನೆಯಲ್ಲಿ ಇರಬೇಕಾದ್ದು ಇಲ್ಲೇಕಿದೆ ಎಂದು ಕೇಳುತ್ತಿದ್ದರು. ಇನ್ನು ಕೆಲವರು ನನ್ನ ವಯಸ್ಸನ್ನು ನೆನೆದು ಸುಮ್ಮನಾಗುತ್ತಿದ್ದರು. ವಿಷಯ ಇಷ್ಟೇ. ನನ್ನ ಲ್ಯಾಪ್‌ಟಾಪಿನ ಕೀಲು ಮುರಿದಿತ್ತು. ತೆರೆದ ಕೂಡಲೇ ಪರದೆ ಅಂಗಾತ ಮಲಗಿಬಿಡುತ್ತಿತ್ತು. ಅದರ ಬೆನ್ನಿಗೆ ಸೇರನ್ನಿಟ್ಟರೆ, ಮದುವೆ ಊಟ ಮುಗಿಸಿ ಕಂಬಕ್ಕೆ ಒರಗಿದ ಬೀಗರ ಹಾಗೆ ಒರಗಿಕೊಂಡು ನನ್ನ ಮಾತು ಕೇಳುತ್ತಿತ್ತು.

ಹನ್ನೊಂದು ವರ್ಷದ ಲ್ಯಾಪ್‌ಟಾಪು. ಅಂದರೆ ಹನ್ನೊಂದು ಆಯುಧಪೂಜೆ ಕಂಡದ್ದು. ವರ್ಷಕ್ಕೊಮ್ಮೆ ಅದರ ಮುಚ್ಚಳಕ್ಕೆ ವಿಭೂತಿಯ ಮೂರು ಪಟ್ಟೆ ಎಳೆದು ಕುಂಕುಮ ಇಟ್ಟೂ ಇಟ್ಟೂ ಅಲ್ಲಿ ಏನು ಉಜ್ಜಿದರೂ ಹೋಗದ ಕೆಂಪು ಕಲೆಯಾಗಿದೆ. ಒಂದು ಸಲ ಚಾರ್ಜರ್ ಚುಚ್ಚುವ ತೂತಿನಲ್ಲಿ ಅಕ್ಷತೆಯ ಕಾಳು ಸೇರಿಕೊಂಡಿತ್ತು. ರಿಪೇರಿಯವನು ಅದನ್ನು ಚಿಮಟದಲ್ಲಿ ಎತ್ತಿ, ಪ್ರಸಾದ ಕೊಡುವಂತೆ ನನ್ನ ಅಂಗೈ ಮೇಲಿಟ್ಟ. ಸಹಕಾರ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಇದರಲ್ಲಿ ಪ್ರಬಂಧ ಬರೆದು ಪತ್ರಿಕೆಗಳಿಗೆ ಕಳಿಸುತ್ತೇನೆ. ಅವರು ಓದುತ್ತಾರೋ ಇಲ್ಲವೋ ತಿಳಿಯದು, ನಾನಂತೂ ಕಳಿಸುತ್ತೇನೆ. ಬೆಳಿಗ್ಗೆ ಗುಂಡಿ ಒತ್ತಿ, ಕಾಫಿ ಕುಡಿದು, ಪೇಪರಿನಲ್ಲಿ ನಿಧನ ವಾರ್ತೆಯ ಪುಟ ಮುಗಿಸುವಷ್ಟರಲ್ಲಿ ಅದು ಎದ್ದು ಕೂತಿರುತ್ತಿತ್ತು. ನನಗೂ ಅದಕ್ಕೂ ಏನೂ ಅವಸರವಿರಲಿಲ್ಲ.

ಅವಸರ ಇದ್ದದ್ದು ನನ್ನ ಹೆಂಡತಿ ಸುಮಾಗೆ. ಲ್ಯಾಪ್‌ಟಾಪಿನ ಫ್ಯಾನಿನ ಸದ್ದಿನಲ್ಲಿ ಅವಳಿಗೆ ಸೀರಿಯಲ್ಲಿನ ಮಾತು ಕೇಳುತ್ತಿರಲಿಲ್ಲ. ಒಂದು ಹೊಸದು ತಗೊಳ್ಳಿ, ಇಲ್ಲವೇ ಬರೆಯುವುದನ್ನು ನಿಲ್ಲಿಸಿ ಎಂದಳು. ಎರಡರಲ್ಲಿ ಯಾವುದಾದರೂ ಅವಳಿಗೆ ಆಗುತ್ತಿತ್ತು.

ಹೊಸದನ್ನು ತರುವುದೆಂದರೆ ನಮ್ಮ ಮನೆತನದಲ್ಲಿ ಅಷ್ಟು ಸುಲಭವಲ್ಲ. ನಮ್ಮ ಅಪ್ಪ ಮಾಮೂಲ್‌ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟಿದ್ದರು. ಅಂಗಡಿ ತುಂಬ ಫಳಫಳ ಹೊಳೆಯುವ ಕೊಡ, ಕೊಳಗ, ಚೊಂಬು. ನಮ್ಮ ಮನೆಯಲ್ಲಿ ಮಾತ್ರ ನೆಗ್ಗಿದ ತಟ್ಟೆ, ಕಂಠ ವಾರೆಯಾದ ಚೊಂಬು. ಮಾರಾಟವಾಗದ್ದು ಮನೆಗೆ ಬರುತ್ತಿತ್ತು. ಅದರ ಮೇಲೆ ಅಪ್ಪನದೊಂದು ಕಟ್ಟಪ್ಪಣೆ: ಹಳೆಯ ವಸ್ತುವಿಗೆ ಒಂದು ದಾರಿ ಮಾಡದೆ ಹೊಸ ವಸ್ತು ಹೊಸ್ತಿಲು ದಾಟಬಾರದು. ಹೊಸ ಕೊಡೆ ಬೇಕೆಂದರೆ ಹಳೆಯ ಕೊಡೆ ಯಾರಿಗೆ ಎಂದು ಮೊದಲು ಹೇಳಬೇಕು. ಹೊಸ ಚಪ್ಪಲಿ, ಹೊಸ ಕಂಬಳಿ, ಹೊಸ ಪೆಟ್ಟಿಗೆ, ಎಲ್ಲಕ್ಕೂ ಇದೇ ಪ್ರಶ್ನೆ. ಉತ್ತರವೂ ಯಾವಾಗಲೂ ಒಂದೇ. ನೀಲಾಗೆ.

ನೀಲಾ ಎಂದರೆ ನಮ್ಮಕ್ಕ. ಪೂರ್ತಿ ಹೆಸರು ನೀಲಾಂಬಿಕೆ. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಬೇರೆಯವರ ಮನೆಗಳಲ್ಲಿ ದೊಡ್ಡವರ ಹಳೆಯದು ಚಿಕ್ಕವರಿಗೆ ಇಳಿದುಬರುತ್ತದೆ. ನಮ್ಮ ಮನೆಯಲ್ಲಿ ಚಿಕ್ಕವನಾದ ನನ್ನದು ದೊಡ್ಡವಳಿಗೆ ಹತ್ತಿಹೋಗುತ್ತಿತ್ತು. ಇದರಲ್ಲಿ ವಿಚಿತ್ರವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ನನಗಂತೂ ಅನುಕೂಲವೇ ಇತ್ತು.

ಆದ್ದರಿಂದ, ಅಕ್ಕ ಫೋನ್ ಮಾಡಿ ತನ್ನ ಕಂಪ್ಯೂಟರ್ ಕೆಟ್ಟಿತೆಂದು ಹೇಳಿದಾಗ ನನಗೆ ಬೇಜಾರಿಗಿಂತ ಹೆಚ್ಚಾಗಿ ನಿರಾಳವೆನ್ನಿಸಿತು ಎಂದು ಒಪ್ಪಿಕೊಳ್ಳಬೇಕು. ನನ್ನ ಹಳೆಯದಕ್ಕೆ ದಾರಿ ಸಿಕ್ಕಿತ್ತು.

ಅಕ್ಕ ಇರುವುದು ಶ್ರೀರಾಂಪುರದಲ್ಲಿ. ಭಾವ ಕೆಲಸ ಮಾಡುತ್ತಿದ್ದ ಗಿರಣಿ ಮುಚ್ಚಿದ ವರ್ಷ ಅವಳು ಕನ್ನಡ ಟೈಪಿಂಗ್ ಕಲಿತಳು. ಅಂದಿನಿಂದ ಉಪ್ಪಾರಪೇಟೆಯ ಒಂದು ಚಿಕ್ಕ ಪ್ರೆಸ್ಸಿಗೆ ಮನೆಯಲ್ಲೇ ಕೂತು ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣದ ಕಾರ್ಡುಗಳನ್ನು ಅಚ್ಚಿಗೆ ಸಿದ್ಧ ಮಾಡಿಕೊಡುತ್ತಾಳೆ. ಬೆಂಗಳೂರಿನ ಅರ್ಧ ಜನರ ಮದುವೆ ಅವಳ ಬೆರಳ ತುದಿಯಲ್ಲಿ ಆಗಿದೆ. ಯಾರ ಚಿಕ್ಕಪ್ಪನ ಹೆಸರು ಯಾರ ದೊಡ್ಡಪ್ಪನ ಹೆಸರಿಗಿಂತ ಮೇಲೆ ಬಂದರೆ ಯಾವ ಮನೆಯಲ್ಲಿ ಊಟ ಬಿಟ್ಟು ಏಳುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಕಂಪ್ಯೂಟರ್ ಕೆಟ್ಟಾಗ ಆಷಾಢಕ್ಕೆ ಇನ್ನು ಐದಾರು ವಾರವಿತ್ತು. ಮದುವೆಗಳು ಆಷಾಢದ ಮುಂಚೆ ಮುಗಿಯಬೇಕು, ಕಾರ್ಡು ಅದಕ್ಕೂ ಮುಂಚೆ ಮುಗಿಯಬೇಕು. ಪ್ರೆಸ್ಸಿನ ಸಾಹುಕಾರರು ಒಳ್ಳೆಯವರೇ. ಆದರೂ ಈ ತಿಂಗಳಲ್ಲಿ ಮಿಷನ್ ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಕೊಡಬೇಕಾಗುತ್ತದಮ್ಮ ಎಂದಿದ್ದರಂತೆ. ಸೀಸನ್ನಿನಲ್ಲಿ ಕೈಬಿಟ್ಟ ಕೆಲಸ ಮತ್ತೆ ಕೈಗೆ ಬರುವುದಿಲ್ಲ ಎಂದು ಅಕ್ಕನಿಗೆ ಗೊತ್ತಿತ್ತು.

ನಾನು ಹೊಸದು ತಗೊಂಡ ದಿನವೇ ನನ್ನದು ನಿನಗೆ ಎಂದೆ. ಕೀಲು ಮುರಿದಿದೆ, ಸೇರನ್ನೂ ಜೊತೆಗೆ ತಂದುಕೊಡುತ್ತೇನೆ. ತೆರೆದ ತಕ್ಷಣ ಪರದೆಯ ಮೇಲೆ ‘ಸ್ವಾಗತ, ಮಹಾದೇವ’ ಎಂದು ನನ್ನ ಹೆಸರೇ ಬರುತ್ತದೆ, ಅದನ್ನು ತೆಗೆಯುವುದು ನನಗೆ ಗೊತ್ತಿಲ್ಲ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದೂ ಹೇಳಿದೆ. ಅಕ್ಕ, ಬೇಗ ನೋಡು ಎಂದಷ್ಟೇ ಹೇಳಿದಳು.

ಬೇಗ ನೋಡುವುದು ನನ್ನ ಜಾಯಮಾನದಲ್ಲಿಲ್ಲ. ಮರುದಿನ ಎಸ್.ಪಿ. ರೋಡಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಪ್ಪನ ಅಂಗಡಿ ಇದ್ದ ಕಡೆಯಿಂದ ನಾಲ್ಕು ಹೆಜ್ಜೆ. ಅಂಗಡಿಯವನು ನಮ್ರವಾಗಿ, ಏನು ಕೆಲಸಕ್ಕೆ ಸಾರ್ ಎಂದ. ಬರೆಯುತ್ತೇನೆ ಎಂದೆ. ಗೇಮ್, ವಿಡಿಯೋ ಏನೂ ಇಲ್ವಾ ಎಂದ. ಬರೀ ಬರವಣಿಗೆ ಎಂದೆ. ಅವನು ಕೆಳಗಿನ ಸಾಲಿನಿಂದ ಒಂದು ಬೂದುಬಣ್ಣದ ಪ್ಲಾಸ್ಟಿಕ್ ಲ್ಯಾಪ್‌ಟಾಪನ್ನು ಎಳೆದು ನನ್ನ ಮುಂದಿಟ್ಟು, “ನಿಮಗೆ ಇದು ಸಾಕು ಸಾರ್” ಎಂದ.

ಮೂವತ್ತೈದು ವರ್ಷ ಸಾಹಿತ್ಯಸೇವೆ ಮಾಡಿದವನಿಗೆ ‘ಸಾಕು’ ಎಂದರೆ ಹೇಗಾಗಬೇಡ. ಈ ಮೂವತ್ತೈದು ವರ್ಷದಲ್ಲಿ ಅಚ್ಚಾದದ್ದು ಒಂಬತ್ತೇ ಪ್ರಬಂಧ ಎಂಬುದು ಅವನಿಗೆ ಗೊತ್ತಿರಲಿಕ್ಕಿಲ್ಲ, ಆದರೂ ಸರಿಯಾಗಿ ಅಂದಾಜು ಮಾಡಿದ್ದ. ಮುಖ ಊದಿಸಿಕೊಂಡು ಹೊರಬಂದು, ಇನ್ನೊಂದು ದಿನ ಮಲ್ಲೇಶ್ವರದ ದೊಡ್ಡ ಶೋರೂಮಿಗೆ ಹೋದೆ. ಅಲ್ಲಿ ಲ್ಯಾಪ್‌ಟಾಪುಗಳು ಒಂದಕ್ಕೊಂದು ತಾಗದಂತೆ ದೂರ ದೂರ ಕೂತಿದ್ದವು. ಲೋಹದ ಮೈ, ಹಪ್ಪಳದಷ್ಟು ತೆಳುವು, ಒಂದೇ ಬೆರಳಿಗೆ ತೆರೆದುಕೊಳ್ಳುವ ಮುಚ್ಚಳ, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ಪರದೆ. ಸೇರು ಬೇಕಿಲ್ಲದ ಪರದೆ! ಇದರಲ್ಲಿ ಬರೆದರೆ ಪ್ರಬಂಧ ವಾಪಸ್ಸು ಬರಲಾರದು ಎನ್ನಿಸಿತು. ಆಮೇಲೆ ಬೆಲೆಯ ಚೀಟಿ ನೋಡಿದೆ. ಆ ಒಂದರ ಬೆಲೆಗೆ ಎಸ್.ಪಿ. ರೋಡಿನ ಬೂದುಬಣ್ಣದ್ದು ಮೂರು ಬರುತ್ತಿತ್ತು. ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, ಬೆರಳಚ್ಚು ಬಿದ್ದ ಕಡೆ ಅಂಗಿಯ ತೋಳಿನಿಂದ ಒರೆಸಿ ಬಂದೆ.

ಅಪ್ಪ ಆಗಿದ್ದರೆ ಇಷ್ಟು ಒದ್ದಾಡುತ್ತಿರಲಿಲ್ಲ. ಗಿರಾಕಿ ಬಂದು ಒಂದು ಕೊಳಗ ಬೇಕು ಎಂದರೆ ಅಪ್ಪ ಕೇಳುತ್ತಿದ್ದದ್ದು ಒಂದೇ ಮಾತು: ಯಾರಿಗೆ? ಬೀಗರಿಗೆ ಎಂದರೆ ಕೈಗೆ ಭಾರ ಹತ್ತುವಂಥದ್ದು ಇಳಿಯುತ್ತಿತ್ತು. ಮನೆ ಬಳಕೆಗೆ ಎಂದರೆ ಮಧ್ಯಮದ್ದು. ಯಾರಿಗೋ ಕೊಡಬೇಕಲ್ಲ ಎಂದು ರಾಗ ಎಳೆದರೆ ಊದಿದರೆ ಹಾರುವಂಥದ್ದು. ಯಾರಿಗೆ ಎಂದು ತಿಳಿದ ಮೇಲೆ ತೂಕ ತಾನಾಗಿಯೇ ತೀರ್ಮಾನವಾಗುತ್ತಿತ್ತು. ಇಪ್ಪತ್ತು ವರ್ಷ ನಾನು ಆ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಇದನ್ನು ನೋಡಿದ್ದೇನೆ. ನೋಡಿದ್ದೆಲ್ಲ ತಲೆಗೆ ಹತ್ತಿತ್ತು ಎಂದೇನಲ್ಲ.

ಈ ಹಳೆಯದು, ಹೊಸದು ಎಂದಾಗ ನನಗೆ ಯಾಕೋ ನೋಟುಪುಸ್ತಕಗಳ ವಾಸನೆ ಮೂಗಿಗೆ ಬರುತ್ತದೆ. ಪ್ರತಿ ಜೂನಿನಲ್ಲಿ ನನಗೆ ಆರು ಹೊಸ ನೋಟುಪುಸ್ತಕ. ನಮ್ಮ ತರಗತಿಯಲ್ಲಿ ಪುಸ್ತಕ ಕದಿಯುವವರು ಇದ್ದಾರೆಂದು ಯಾರೋ ನನ್ನನ್ನು ಹೆದರಿಸಿದ್ದರು. ಅದಕ್ಕೇ ಮೊದಲ ದಿನವೇ ಕೂತು ಪ್ರತಿಯೊಂದು ಹಾಳೆಯ ಬಲಮೂಲೆಯಲ್ಲೂ ‘ಮಹಾದೇವ, ನಾಲ್ಕನೇ ತರಗತಿ’ ಎಂದು ಇಂಕಿನಲ್ಲಿ ಬರೆಯುತ್ತಿದ್ದೆ. ಮೂಲೆಯಲ್ಲಿ ಬರೆಯಲು ಇದ್ದ ಉತ್ಸಾಹ ಮಧ್ಯದಲ್ಲಿ ಬರೆಯಲು ಇರಲಿಲ್ಲವಾಗಿ, ವರ್ಷದ ಕೊನೆಗೆ ಎಲ್ಲ ಪುಸ್ತಕದಲ್ಲೂ ಅರ್ಧಕ್ಕರ್ಧ ಹಾಳೆ ಉಳಿದಿರುತ್ತಿದ್ದವು. ಏಪ್ರಿಲಿನಲ್ಲಿ ಅಪ್ಪ ಅವನ್ನೆಲ್ಲ ಕಿತ್ತು, ಒಟ್ಟುಮಾಡಿ, ಮೂಟೆ ಹೊಲಿಯುವ ದಬ್ಬಳದಿಂದ ಅಂಗಡಿಯ ಹುರಿಯಲ್ಲಿ ಹೊಲಿದು, ಪಾತ್ರೆ ಸುತ್ತಿ ಬಂದ ಕಂದು ಕಾಗದದ ರಟ್ಟು ಹಾಕಿ, ದಪ್ಪನೆಯ ಪುಸ್ತಕ ಮಾಡುತ್ತಿದ್ದರು. ಬಹಳ ಅಚ್ಚುಕಟ್ಟಾದ ಹೊಲಿಗೆ. ಪುಸ್ತಕವನ್ನು ಒಮ್ಮೆ ಕೈಯಲ್ಲಿ ತೂಗಿ, ‘ನೀಲಾಗೆ ಇದು ಸಾಕು’ ಎನ್ನುತ್ತಿದ್ದರು.

ಹೀಗೆ ಎಂಟನೇ ತರಗತಿಯ ನೀಲಾಂಬಿಕೆ ‘ಮಹಾದೇವ, ನಾಲ್ಕನೇ ತರಗತಿ’ ಎಂಬ ಹೆಸರಿನ ಕೆಳಗೆ ಬೀಜಗಣಿತ ಮಾಡಿದಳು. ಒಂದು ದಿನ ಅವಳ ಮೇಷ್ಟರು ಪುಸ್ತಕ ಎತ್ತಿ ಹಿಡಿದು, ಏನಮ್ಮ ಮಹಾದೇವ, ನಾಲ್ಕನೇ ತರಗತಿಯವನು ಇಲ್ಲಿಗೆ ಯಾಕೆ ಬಂದೆಯಪ್ಪ ಎಂದು ಕೇಳಿ ಎಲ್ಲರನ್ನೂ ನಗಿಸಿದರಂತೆ. ಆ ವರ್ಷವೆಲ್ಲ ಅವಳ ಗೆಳತಿಯರು ಅವಳನ್ನು ಮಹಾದೇವ ಎಂದೇ ಕರೆದರು. ಅವಳು ಮನೆಗೆ ಬಂದು ಹೇಳಿದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅಕ್ಕನೂ ನಕ್ಕಳೆಂದೇ ನನ್ನ ನೆನಪು. ಮುಂದಿನ ಜೂನಿನಲ್ಲೂ ನಾನು ಮೂಲೆ ಮೂಲೆಯಲ್ಲಿ ಹೆಸರು ಬರೆದೆ.

ಲ್ಯಾಪ್‌ಟಾಪಿಗೆ ಬರೋಣ. ಎರಡು ಅಂಗಡಿಗಳ ನಡುವೆ ನಾನು ಮೂರು ವಾರ ತೂಗಾಡಿದೆ. ಒಂದು ಹಾಳೆಯಲ್ಲಿ ಗೆರೆ ಎಳೆದು ಎಡಕ್ಕೆ ಅಗ್ಗದ್ದು, ಬಲಕ್ಕೆ ದುಬಾರಿಯದ್ದು ಎಂದು ಬರೆದು ಗುಣಾವಗುಣ ಪಟ್ಟಿ ಮಾಡಿದೆ. ಬೆಳಗಿನ ವಾಕಿಂಗಿನ ಗೆಳೆಯರ ಮುಂದೆ ವಿಷಯ ಇಟ್ಟೆ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಎರಡು ಪಕ್ಷಗಳಾದವು. ಅಗ್ಗದ್ದು ಎರಡೇ ವರ್ಷಕ್ಕೆ ಮೂಲೆ ಸೇರುತ್ತೆ, ದುಡ್ಡು ದಂಡ ಎಂದು ಒಬ್ಬರು. ಈ ವಯಸ್ಸಿನಲ್ಲಿ ಹತ್ತು ವರ್ಷ ಬಾಳುವಂಥದ್ದು ತಗೊಂಡು ಯಾರಿಗೆ ಬಿಟ್ಟುಹೋಗುತ್ತೀರಿ ಎಂದು ಇನ್ನೊಬ್ಬರು. ಎರಡನೆಯವರ ವಾದದಲ್ಲಿ ಹುರುಳಿತ್ತಾದರೂ ಅವರ ಜೊತೆ ನಾನು ಎರಡು ದಿನ ಮಾತು ಬಿಟ್ಟೆ.

ಈ ನಡುವೆ ಅಕ್ಕ ಎರಡು ಸಲ ಫೋನ್ ಮಾಡಿದಳು. ಮನೆಯಲ್ಲಿ ಮಿಷನ್ ಇಲ್ಲದ್ದಕ್ಕೆ ಅವಳು ಪ್ರತಿದಿನ ಮೊದಲ ಬಸ್ಸಿಗೆ ಉಪ್ಪಾರಪೇಟೆಗೆ ಹೋಗಿ, ಪ್ರೆಸ್ಸಿನವರು ಬರುವ ಮುಂಚೆ ಅವರ ಕಂಪ್ಯೂಟರಿನಲ್ಲಿ ಕಾರ್ಡು ಮಾಡಿಟ್ಟು ಬರುತ್ತಿದ್ದಳು. ಹತ್ತು ಗಂಟೆಗೆ ಆ ಕುರ್ಚಿಯವರು ಬರುತ್ತಾರೆ, ಆಗ ಎದ್ದುಬಿಡಬೇಕು. ಅರವತ್ತೈದರ ಹೆಂಗಸು. ಮೊದಲ ಸಲ ನಾನು ನೋಡ್ತಿದೀನಿ ಎಂದೆ. ಎರಡನೆಯ ಸಲವೂ ನೋಡ್ತಿದೀನಿ ಎಂದೆ. ಮೂರನೆಯ ಸಲ ಅವಳು ಮಾಡಲಿಲ್ಲ. ಪಾಪ, ಅವಳಿಗೆ ಅವಸರವಿಲ್ಲ ಅಂತ ಕಾಣುತ್ತದೆ ಎಂದು ಸುಮಾಗೆ ಹೇಳಿದೆ. ಸುಮಾ ನನ್ನನ್ನು ಒಮ್ಮೆ ನೋಡಿ, ಟಿವಿಯ ಸದ್ದು ಜಾಸ್ತಿ ಮಾಡಿದಳು.

ಕೊನೆಗೆ ತಗೊಂಡದ್ದು ಬೂದುಬಣ್ಣದ್ದನ್ನೇ. ಬಹಳ ವಿಚಾರ ಮಾಡಿ ತಗೊಂಡೆ ಎಂದು ಹೇಳಬಹುದಿತ್ತು. ನಿಜ ಹೇಳಬೇಕೆಂದರೆ, ಶೋರೂಮಿನ ಬಾಗಿಲವರೆಗೆ ಇನ್ನೊಂದು ಸಲ ಹೋಗಿ, ಕಾವಲಿನವನು ಸಲಾಮು ಹೊಡೆದದ್ದಕ್ಕೆ ಗಾಬರಿಯಾಗಿ ಹಿಂದಿರುಗಿದೆ. ಹೊಳೆಯುವುದು ಅಂಗಡಿಗೆ, ಮನೆಗೆ ಇಷ್ಟು ಸಾಕು ಎಂಬುದು ರಕ್ತದಲ್ಲಿತ್ತು. ಪೆಟ್ಟಿಗೆಯನ್ನು ತಂದು ಹೊಸ್ತಿಲ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟೆ. ಹಳೆಯದು ಮೊದಲು ಹೊರಡಬೇಕಲ್ಲ.

ಹಳೆಯದನ್ನು ಒರೆಸಿ, ಟವೆಲಿನಲ್ಲಿ ಸುತ್ತಿ, ಸೇರಿನ ಜೊತೆ ಬಟ್ಟೆಚೀಲಕ್ಕೆ ಹಾಕಿಕೊಂಡು ಭಾನುವಾರ ಮೆಟ್ರೋ ಹತ್ತಿದೆ. ಮಾರ್ಕೆಟ್ ಸ್ಟೇಷನ್ನಿನ ತಪಾಸಣೆಯಲ್ಲಿ ಚೀಲ ನಿಂತಿತು. ಕಾವಲಿನವಳು ಸೇರನ್ನು ಹೊರತೆಗೆದು ತಿರುಗಿಸಿ ನೋಡಿ, ಇದೇನು ಎಂದಳು. ಸೇರು ಎಂದೆ. ಯಾತಕ್ಕೆ ಎಂದಳು. ಲ್ಯಾಪ್‌ಟಾಪಿಗೆ ಎಂದೆ. ಅವಳು ಸೇರನ್ನೂ ನನ್ನನ್ನೂ ಒಟ್ಟಿಗೆ ನೋಡಿ, ಅಪಾಯವಿಲ್ಲ ಎಂದು ತೀರ್ಮಾನಿಸಿ ಬಿಟ್ಟುಬಿಟ್ಟಳು. ಶ್ರೀರಾಂಪುರದಲ್ಲಿ ಇಳಿಯುವವರೆಗೂ ನಾನು ಮನಸ್ಸಿನಲ್ಲೇ ಅಕ್ಕನ ಮುಖದ ಸಂತೋಷವನ್ನು ಕಲ್ಪಿಸಿಕೊಳ್ಳುತ್ತಿದ್ದೆ. ದಾನಶೂರನ ಗತ್ತು ನನ್ನ ನಡಿಗೆಯಲ್ಲೇ ಇತ್ತು.

ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅವಳ ಮೇಜು. ಅದರ ಮೇಲೆ ಹಪ್ಪಳದಷ್ಟು ತೆಳುವಾದ, ಲೋಹದ ಮೈಯ ಲ್ಯಾಪ್‌ಟಾಪು ತೆರೆದು ಕೂತಿತ್ತು. ನಾನು ಮಲ್ಲೇಶ್ವರದಲ್ಲಿ ತೋಳಿನಿಂದ ಒರೆಸಿ ಬಂದೆನಲ್ಲ, ಅದೇ. ಪರದೆಯ ಮೇಲೆ ಯಾರದೋ ಮದುವೆಯ ಕಾರ್ಡು. ಅಕ್ಕ ಕನ್ನಡಕ ಸರಿಮಾಡಿಕೊಂಡು ಎದ್ದು, ಬಾ ಕೂತ್ಕೋ, ಕಾಫಿ ತರ್ತೀನಿ ಎಂದು ಒಳಗೆ ಹೋದಳು. ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಲ್ಲಿ ಅದನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಕಾಫಿ ಕೊಡುತ್ತಾ ಅಕ್ಕ ಹೇಳಿದ ಕಥೆ ಇಷ್ಟು. ನಾಲ್ಕು ದಿನದ ಹಿಂದೆ, ಕೂಡಿಟ್ಟ ದುಡ್ಡು ತೆಗೆದುಕೊಂಡು, ಪ್ರೆಸ್ಸಿನಿಂದ ನೇರ ಅಂಗಡಿಗೆ ಹೋಗಿದ್ದಾಳೆ. ಚೀಲದಲ್ಲಿ ತಾನೇ ಮಾಡಿದ ಒಂದು ಲಗ್ನಪತ್ರಿಕೆ. ಅಲ್ಲಿದ್ದ ಲ್ಯಾಪ್‌ಟಾಪುಗಳಲ್ಲಿ ಒಂದೊಂದರಲ್ಲೂ ಆ ಕಾರ್ಡಿನ ಕಟ್ಟಕಡೆಯ ಸಾಲನ್ನು, ಆಶೀರ್ವಾದವೇ ಉಡುಗೊರೆ ಎಂಬ ಎಲ್ಲಕ್ಕಿಂತ ಸಣ್ಣ ಅಕ್ಷರದ ಸಾಲನ್ನು, ಅದೇ ಅಳತೆಯಲ್ಲಿ ಟೈಪು ಮಾಡಿ ನೋಡಿದ್ದಾಳೆ. ಅಗ್ಗದ್ದರಲ್ಲಿ ಆ ಸಾಲು ಕಲಸಿಹೋಗುತ್ತಿತ್ತಂತೆ. ಅಂಗಡಿಯವನು ನಿಮಗೆ ಇದು ಸಾಕಮ್ಮ ಎಂದನಂತೆ. ಸಾಕೋ ಸಾಲದೋ ನಾನು ಹೇಳ್ತೀನಿ, ನೀನು ಪಕ್ಕದ್ದು ತೋರಿಸು ಎಂದಳಂತೆ ಇವಳು. ದಿನಕ್ಕೆ ಎಂಟು ಗಂಟೆ ಕಣ್ಣಿಟ್ಟು ನೋಡುವುದು ಅದನ್ನೇ, ಇನ್ನು ಎಷ್ಟು ವರ್ಷ ದುಡಿಯುತ್ತೇನೋ ಅಷ್ಟೂ ಅದರಲ್ಲೇ ಎಂಬುದು ಅವಳ ಲೆಕ್ಕ. ಅರ್ಧ ಗಂಟೆಯಲ್ಲಿ ಕೆಲಸ ಮುಗಿದಿದೆ. ಪ್ರೆಸ್ಸಿನ ಕೆಲಸವೂ ಕೈತಪ್ಪಲಿಲ್ಲ. ನನ್ನ ಗೆರೆ ಎಳೆದ ಹಾಳೆ ಜೇಬಿನಲ್ಲಿತ್ತು. ಅದನ್ನು ತೆಗೆಯಲಿಲ್ಲ.

“ನನಗೊಂದು ಮಾತು ಹೇಳ್ಬೋದಿತ್ತಲ್ಲಕ್ಕ. ನಾನು ನಿನಗೆ ಅಂತಲೇ ಇಟ್ಟಿದ್ದೆ” ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟು ಕೂಡ ಇತ್ತು, ನಾಚಿಕೆಯಾಗುತ್ತದೆ ಈಗ.

ಅಕ್ಕ ತನ್ನ ಲೋಟದ ಕಾಫಿಯನ್ನು ಆರಿಸುತ್ತಾ ಹೇಳಿದಳು. “ಇದನ್ನ ಮೊದಲ ಸಲ ತೆಗೆದಾಗ ಏನ್ ಕೇಳ್ತು ಗೊತ್ತಾ ಮಾದು? ನಿಮ್ಮ ಹೆಸರೇನು ಅಂತ ಕೇಳ್ತು. ಎಸ್ಸೆಸ್ಸೆಲ್ಸಿ ತನಕ ನಿನ್ನ ಹೆಸರಿನ ಕೆಳಗೇ ಬರ್ದೆ. ಇನ್ನು ದಿನಾ ಬೆಳಗ್ಗೆ ಎದ್ದು ಅದನ್ನೇ ನೋಡ್ಬೇಕಲ್ಲಾ ಅಂತ, ಅವತ್ತು ನಿನ್ನ ಫೋನಿಟ್ಟ ಮೇಲೆ ಅನ್ನಿಸ್ತು ಕಣೋ.”

ಕೋಪದಿಂದ ಹೇಳಿದ ಮಾತಲ್ಲ. ಮದುವೆ ಕಾರ್ಡಿನಲ್ಲಿ ತಪ್ಪೊಂದನ್ನು ತೋರಿಸುವವರ ಹಾಗೆ, ಇಲ್ಲಿ ನೋಡು ಎಂಬಂತೆ ಹೇಳಿದಳು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿ, ಒಮ್ಮೆ ಮುಚ್ಚಿ ತೆರೆದಳು. ‘ಸ್ವಾಗತ, ನೀಲಾಂಬಿಕೆ’ ಎಂದು ಬಂತು. ಪೂರ್ತಿ ಹೆಸರು, ದೊಡ್ಡ ಅಕ್ಷರದಲ್ಲಿ, ಒಂದಿಷ್ಟೂ ಕಲಸದೆ. ಅಂದು ಮನೆಯಲ್ಲಿ ಎಲ್ಲರೂ ನಕ್ಕಾಗ ಅಕ್ಕ ನಕ್ಕಿದ್ದಳೇ ಎಂದು ನೆನೆಸಿಕೊಳ್ಳಲು ನೋಡಿದೆ. ಅಪ್ಪನ ನಗು ನೆನಪಾಯಿತು, ನನ್ನ ನಗು ನೆನಪಾಯಿತು. ಅವಳ ಮುಖ ನೆನಪಾಗಲಿಲ್ಲ. ನಾನು ಆಗ ಆ ಕಡೆ ನೋಡಿರಲೇ ಇಲ್ಲ.

ಹೊರಡುವಾಗ ಅಕ್ಕ ಚೀಲದೊಳಗೆ ಇಣುಕಿ, ಆ ಸೇರನ್ನು ಬೇಕಾದರೆ ಇಟ್ಟುಹೋಗು ಎಂದಳು. ಅದು ಅಪ್ಪನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಹೊಳೆಯುತ್ತಾ ಕೂತಿರುತ್ತಿದ್ದ ಸೇರು. ಅಪ್ಪ ಅದನ್ನು ಯಾರಿಗೂ ಮಾರಿದವರಲ್ಲ. ಅಂಗಡಿ ಮುಚ್ಚಿದ ದಿನ ನಾನು ಮಾತಿಲ್ಲದೆ ಎತ್ತಿಕೊಂಡು ಬಂದಿದ್ದೆ. ಅಕ್ಕನಿಗೆ ಏನು ಬೇಕು ಎಂದು ಅಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಾನು ಸೇರನ್ನು ತೆಗೆದು ಅವಳ ಎರಡೂ ಕೈಗೆ ಕೊಟ್ಟೆ. ಅವಳು ಅದನ್ನು ಸೆರಗಿನಿಂದ ಒರೆಸಿ, ಕೈಯಲ್ಲಿ ಒಮ್ಮೆ ತೂಗಿ, ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟಳು. ಹಿಂದೆ ಅಲ್ಲ, ಪಕ್ಕದಲ್ಲಿ.

ಹಳೆಯದನ್ನು ಅದೇ ಟವೆಲಿನಲ್ಲಿ ಸುತ್ತಿಕೊಂಡು ವಾಪಸ್ಸು ತಂದೆ. ಅದಕ್ಕೆ ದಾರಿ ಮಾಡುವಂಥವರು ಇನ್ನು ಯಾರೂ ನನಗೆ ಹೊಳೆಯಲಿಲ್ಲ. ಮನೆಯಲ್ಲಿ ಅದನ್ನು ತೆರೆದೆ. ಸೇರಿಲ್ಲದ್ದಕ್ಕೆ ಪರದೆ ಅಂಗಾತ ಮಲಗಿ, ಸೂರಿನ ಕಡೆ ಮುಖ ಮಾಡಿ ನನ್ನ ಹೆಸರನ್ನು ತೋರಿಸುತ್ತಾ ಇತ್ತು. ಅದನ್ನು ಮುಚ್ಚಿ, ಹೊರಗೆ ಚಪ್ಪಲಿಗಳ ಮೇಲಿದ್ದ ಪೆಟ್ಟಿಗೆಯನ್ನು ಒಳಗೆ ತಂದೆ. ಹೊಸದು ಹೊಸ್ತಿಲು ದಾಟಿತು, ಹಳೆಯದು ಮನೆಯಲ್ಲೇ ಇತ್ತು. ಅಪ್ಪನ ಕಟ್ಟಪ್ಪಣೆ ಮುರಿದದ್ದು ಅದೇ ಮೊದಲು. ಏನೂ ಆಗಲಿಲ್ಲ.

ಬೂದುಬಣ್ಣದ ಲ್ಯಾಪ್‌ಟಾಪು ಹೊತ್ತಿಕೊಂಡು, ನನ್ನನ್ನೂ ನಿಮ್ಮ ಹೆಸರೇನು ಎಂದು ಕೇಳಿತು. ನಾಲ್ಕನೇ ತರಗತಿಯಿಂದಲೂ ಯಾರೂ ಕೇಳದೆಯೇ ಮೂಲೆ ಮೂಲೆಯಲ್ಲಿ ಬರೆದುಕೊಂಡು ಬಂದ ಹೆಸರು. ಅದನ್ನು ಈ ಸಲ ಕೇಳಿದ ಜಾಗದಲ್ಲಿ, ಒಂದೇ ಒಂದು ಸಲ ಬರೆದೆ.